ಚಳಿ ಕಾಯುವವಳು

"ಅಮ್ಮಾ, ಚಳಿಯತ್ತೆ ಮನೆ ಮೇಲ್ಗಡೆ ಇದ್ಯಲ್ಲ? ಮತ್ತೆ ಯಾಕೆ ಮೆಟ್ಟಿಲ ಮೇಲೆ ಕೂತ್ಕೊಂಡು ನಿದ್ದೆ ಮಾಡ್ತಾಳೆ?"

ಪ್ರಶ್ನೆ ಕೇಳಿದವಳಿಗೆ ಇನ್ನೂ ಶಾಲೆಗೆ ಹೋಗುವ ವಯಸ್ಸಲ್ಲ. ಬಾಗಿಲ ಸಂದಿಯಲ್ಲಿ ಮೂಗು ತೂರಿಸಿ ನಿಂತಿದ್ದಳು. ತಾಯಿ ಒಣಗಿದ ಬಟ್ಟೆ ಮಡಚುತ್ತಿದ್ದವಳು ಎದ್ದು ಬಂದು ಇಣುಕಿದಳು. ಮೊದಲ ಮಹಡಿಯಿಂದ ಎರಡನೆಯದಕ್ಕೆ ತಿರುಗುವ ಕಡೆ, ಕೈಚೀಲವನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು, ಕಂಬಿಗೆ ತಲೆಯಾನಿಸಿ ಮೇಲ್ಮನೆಯ ಹೆಂಗಸು ಕೂತಿದ್ದಳು. ಬಾಯಿ ಅರೆತೆರೆದಿತ್ತು. ಬೇಸಿಗೆಯ ಸಂಜೆಯಲ್ಲೂ ಸ್ವೆಟರಿನ ಗುಂಡಿ ಕುತ್ತಿಗೆಯವರೆಗೂ ಹಾಕಿತ್ತು.

"ಕೆಳಗೆ ಹೋದ್ರೆ ಆಫೀಸಿನ ಕೆಲಸ, ಮೇಲೆ ಹೋದ್ರೆ ಮನೆ ಕೆಲಸ," ಎಂದಳು ತಾಯಿ ಪಿಸುದನಿಯಲ್ಲಿ. "ಮಧ್ಯದಲ್ಲಿ ಕೂತ್ರೆ ಯಾರ ಕೈಗೂ ಸಿಗಲ್ಲ ನೋಡು, ಅದಕ್ಕೆ. ಬಾ ಒಳಗೆ, ಎಬ್ಬಿಸ್ಬೇಡ."

ಚಳಿಯತ್ತೆ ಎಂಬ ಹೆಸರಿಟ್ಟದ್ದೂ ಈ ಮಗುವೇ. ಒಂದು ದಿನ ಮೆಟ್ಟಿಲು ಹತ್ತಿಸಲು ಕೈಹಿಡಿದುಕೊಂಡಾಗ "ಥೂ, ಫ್ರಿಜ್ಜಿನ ಕೈ!" ಎಂದು ಕಿತ್ತುಕೊಂಡಿತ್ತು. ಅಂದಿನಿಂದ ಕಟ್ಟಡದಲ್ಲೆಲ್ಲ ಅದೇ ಹೆಸರು. ಮಗುವಿನ ತಾಯಿಯೂ ಮಗಳ ಬಾಯಿಂದ ಬಂದ 'ಅತ್ತೆ'ಯನ್ನೇ ಖಾಯಂ ಮಾಡಿಕೊಂಡಳು. ಚಳಿಯತ್ತೆಗೆ ಅದರಿಂದ ಬೇಸರವೇನಿರಲಿಲ್ಲ. ಬೇಸರಪಟ್ಟುಕೊಳ್ಳಲೂ ಸ್ವಲ್ಪ ಶಕ್ತಿ ಬೇಕು. ಅದನ್ನು ಅವಳು ಬೇರೆ ಕಡೆಗೆ ಉಳಿಸಿಟ್ಟಿದ್ದಳು.

ಅವಳ ಕೆಲಸ ಚಳಿ ಕಾಯುವುದು. ಹೇಳಿದರೆ ನಗು ಬರುತ್ತದೆ. ದನ ಕಾಯುವವರುಂಟು, ಹೊಲ ಕಾಯುವವರುಂಟು, ಚಳಿಯನ್ನು ಕಾಯುವುದೆಂದರೇನು? ಎರಡು ಬೀದಿ ಆಚೆಗಿನ ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಒಂದು ಉಕ್ಕಿನ ಡಬ್ಬಿ ಇದೆ. ಹಾಲಿನ ಕ್ಯಾನಿನಷ್ಟು ದೊಡ್ಡದು. ಅದರ ಹೊಟ್ಟೆಯೊಳಗೆ ಗಾಳಿಯನ್ನೆಲ್ಲ ಹೀರಿ ತೆಗೆದ ಖಾಲಿ ಜಾಗ. ನಡುವೆ ನಾಣ್ಯದಷ್ಟಗಲದ ಒಂದು ಕಿಟಕಿ. ಆ ಕಿಟಕಿ ಎಷ್ಟು ತಣ್ಣಗಿರುತ್ತದೆಂದರೆ, ಇನ್ನು ಸ್ವಲ್ಪ ಕೆಳಗಿಳಿದರೆ ಜಗತ್ತಿನಲ್ಲಿ ಅದಕ್ಕಿಂತ ತಣ್ಣಗಾಗಲು ಜಾಗವೇ ಉಳಿಯುವುದಿಲ್ಲ. ಗಾಜಿನ ಕೊಳವೆಯಿಂದ ಒಂದು ಆವಿಯನ್ನು, ಯಾವುದರ ಜೊತೆಗೂ ಸೇರದ ಒಂದು ಅನಿಲದಲ್ಲಿ ಬೆರೆಸಿ, ಅದರ ಮೇಲೆ ಊದುತ್ತಾರೆ. ಆವಿ ತಾಗಿದ್ದೇ ತಡ, ಮಂಜಾಗಿ ಕೂರುತ್ತದೆ. ಆ ಮಂಜಿನಲ್ಲಿ ಒಂದೊಂದು ಅಣುವೂ ಆ ಅನಿಲದ ಗಟ್ಟಿ ಹೆಪ್ಪಿನೊಳಗೆ ಸಿಕ್ಕಿಕೊಂಡು ಒಂಟಿಯಾಗಿ ಕೂತಿರುತ್ತದೆ. ಕಣ್ಣಿಗೆ ಕಾಣದ ಬೆಳಕನ್ನು ಅದರ ಮೂಲಕ ಹಾಯಿಸಿ, ಆಚೆ ಕಡೆ ಬಂದದ್ದನ್ನು ಪರದೆಯ ಮೇಲೆ ಗೆರೆಗಳಾಗಿ ನೋಡಿ, ಅಣು ಹೇಗಿದೆ ಎಂದು ತಿಳಿಯುವುದು ಓದಿದವರ ಕೆಲಸ. ಪಂಪು ಕೆಮ್ಮದಂತೆ, ಕೊಳವೆ ಸೋರದಂತೆ, ಹೊರಗಿನ ಬಿಸಿಯನ್ನು ತಡೆಯುವ ಹೊಗೆಯಾಡುವ ದ್ರವ ನೈಟ್ರೋಜನ್ನನ್ನು ಪಕ್ಕದ ಬಾಯಿಗೆ ಹೊತ್ತು ಹೊತ್ತಿಗೆ ಸುರಿದು ಆ ಚಳಿ ಚದುರದಂತೆ ನೋಡಿಕೊಳ್ಳುವುದು ಚಳಿಯತ್ತೆಯ ಕೆಲಸ. ಪಂಪಿನ ಸದ್ದು ಬದಲಾದರೆ ಉಣ್ಣುತ್ತಿದ್ದ ತುತ್ತನ್ನು ಬಿಟ್ಟು ಏಳುವಳು. "ಇವಳು ತಣ್ಣೀರನ್ನೂ ಆರಿಸಿ ಕುಡಿಯೋಳು," ಎಂದು ಅವಳ ಅಕ್ಕ ಹೇಳುತ್ತಿದ್ದುದು ಹೊಗಳಿಕೆಯೋ ಬೈಗುಳವೋ ಎಂದು ಹೇಳಲಾಗದು.

ಆ ಅಕ್ಕನಿಂದಲೇ ಮನೆಯ ಕೆಲಸ. ಹಿಂದೊಂದು ಕಾಲಕ್ಕೆ ಯಾವುದೋ ಕಾಯಿಲೆಗೆಂದು ವರ್ಷಗಟ್ಟಲೆ ನುಂಗಿದ ಮಾತ್ರೆ, ಆ ಕಾಯಿಲೆಯನ್ನು ಕರೆದುಕೊಂಡು ಹೋಗುವಾಗ ಬೇರೊಂದನ್ನು ಬಿಟ್ಟುಹೋಗಿತ್ತು. ಅಕ್ಕನ ಕೈಕಾಲು, ಭುಜ, ಒಮ್ಮೊಮ್ಮೆ ದವಡೆ, ಅವಳನ್ನು ಕೇಳದೆ ಆಡುತ್ತವೆ. ನಿದ್ದೆಯಲ್ಲಿ ಮಾತ್ರ ಬಿಡುವು. ದಿನಕ್ಕೆ ಮೂರು ಹೊತ್ತು ಮಾತ್ರೆ ಕೊಟ್ಟರೆ ಆಟ ತಗ್ಗುತ್ತದೆ. ಬೆಳಗಿನದರ ಬಲ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆಗ ಬಟ್ಟಲು ಹಿಡಿದರೆ ಬಟ್ಟಲು ಹಾರುತ್ತದೆ, ಮಾತ್ರೆ ಹಿಡಿದರೆ ಮಾತ್ರೆ ಹಾರುತ್ತದೆ. ಹಾಗಾಗಿ ಚಳಿಯತ್ತೆ ದಿನವೂ ಮಧ್ಯಾಹ್ನ ನೈಟ್ರೋಜನ್ ಸುರಿದು, ಸ್ವೆಟರಿನಲ್ಲೇ ಬಿಸಿಲಿಗೆ ಬಿದ್ದು, ಎರಡು ಬೀದಿ ದಾಟಿ, ಮೆಟ್ಟಿಲು ಹತ್ತಿ, ಅಕ್ಕನ ಬಾಯಿಗೆ ಮಾತ್ರೆ ಹಾಕಿ, ಒಂದಿಷ್ಟು ಗಂಜಿ ಕುಡಿಸಿ, ಮತ್ತೆ ಓಡಿಹೋಗುತ್ತಿದ್ದಳು.

ಅಕ್ಕನ ಕೈಕಾಲಿನ ಹಾಗೆಯೇ ಅವಳ ನಾಲಿಗೆಗೂ ಬಿಡುವಿರಲಿಲ್ಲ.

"ಬಂದ್ಯಾ ಹಿಮದ ರಾಣಿ? ನಿನ್ನ ಡಬ್ಬಿ, ಒಂಟಿಯಾಗಿ ಬಿಟ್ಟು ಹೋದ್ಲು ಅಂತ ಅಳ್ತಾ ಇಲ್ವಾ?"

"ಬಾಯಿ ತೆಗಿ ಸಾಕು."

"ತೆಗ್ದೇ ಇದೆ. ಗುರಿಯಿಟ್ಟು ಹಾಕು. ನಿನ್ನೆ ಮೂಗಿಗೆ ಹಾಕಿದ್ದೆ."

ಎಲ್ಲವೂ ಹೀಗೇ ಏದುಸಿರಿನಲ್ಲಿ ನಡೆದುಕೊಂಡು ಹೋಗುತ್ತಿರುವಾಗ, ಡಬ್ಬಿಯೊಳಗಿನ ಅಣು ಆಡಬಾರದ ಆಟ ಆಡಿತು.

ಆ ಸಲ ಸಂಶೋಧಕರು ಕಿಟಕಿಯ ಮೇಲೆ ಕೂರಿಸಿದ್ದು ಒಂದು ಪುಟ್ಟ ಆಮ್ಲದ ಅಣು. ಅದರ ತುದಿಯಲ್ಲಿ ಬಾಲದ ಹಾಗೆ ಒಂದು ಹೈಡ್ರೋಜನ್ ಪರಮಾಣು. ಬೆಳಕು ಬಿಟ್ಟು ಆ ಬಾಲವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಎಲ್ಲ ಬೆಳಕನ್ನೂ ಮುಚ್ಚಿ, ಕತ್ತಲಲ್ಲಿ ಬಿಟ್ಟಿದ್ದರು. ಅದು ಹಿಂದಕ್ಕೆ ತಿರುಗಬೇಕಾದರೆ ನಡುವಿನ ದಿಬ್ಬ ಹತ್ತಿ ಇಳಿಯಬೇಕು. ದಿಬ್ಬ ಹತ್ತಲು ಬಿಸಿ ಬೇಕು. ಅಂಥ ಚಳಿಯಲ್ಲಿ ಬಿಸಿ ಎಲ್ಲಿಂದ ಬರಬೇಕು? ಆದರೂ ಮರುದಿನ ನೋಡಿದರೆ ಮಂಜಿನಲ್ಲಿದ್ದ ಅಂಥ ಅಣುಗಳಲ್ಲಿ ಅರ್ಧಕ್ಕರ್ಧದ ಬಾಲಗಳು ಹಿಂದಕ್ಕೆ ತಿರುಗಿ ಕೂತಿದ್ದವು.

ಸಂಶೋಧನಾಲಯದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡವರು ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ, ಆದರೆ ಅವಸರದವರು. ನೆಲಮಾಳಿಗೆಗೆ ಇಳಿದು ಬಂದು ಪರದೆ ನೋಡಿದರು, ಪಂಪು ನೋಡಿದರು, ಕೊನೆಗೆ ಚಳಿಯತ್ತೆಯನ್ನು ನೋಡಿದರು.

"ಮಧ್ಯಾಹ್ನ ಯಾರಿರ್ತಾರೆ ಇಲ್ಲಿ?"

"ನಾನೇ ಸಾರ್. ಮನೆಗೆ ಹೋಗಿ ಬರೋವಷ್ಟು ಹೊತ್ತು ಬಿಟ್ರೆ…"

"ಆ ಹೊತ್ತಲ್ಲೇ ನೈಟ್ರೋಜನ್ ಇಳಿದಿರತ್ತೆ. ಮಂಜು ಸ್ವಲ್ಪ ಬೆಚ್ಚಗಾಗಿರತ್ತೆ. ಬಾಲ ತಿರುಗಿರತ್ತೆ. ಇನ್ನೇನಿದೆ ಇದರಲ್ಲಿ?"

"ಮೀಟರು ಸರಿಯಾಗೇ ತೋರಿಸ್ತಾ ಇತ್ತು ಸಾರ್."

"ಮೀಟರಿರೋದು ಲೋಹದ ಮೇಲೆ, ಮಂಜಿನ ಮೇಲಲ್ಲ. ನೋಡೀಮ್ಮ, ನೀವು ಕೂತಲ್ಲೇ ತೂಕಡಿಸೋದನ್ನ ನಾನೇ ನೋಡಿದೀನಿ. ತಪ್ಪು ತಿಳ್ಕೋಬೇಡಿ. ವಯಸ್ಸು, ಸುಸ್ತು, ಎಲ್ಲರಿಗೂ ಇರತ್ತೆ. ಊರಾಚೆ ನಮ್ಮ ಗ್ಯಾಸ್ ಸಿಲಿಂಡರ್ ಇಡೋ ಅಂಗಳದಲ್ಲಿ ಒಬ್ಬರು ಬೇಕು. ಹಗುರ ಕೆಲಸ. ಅಲ್ಲಿಗೆ ಹೋಗಿ."

ಊರಾಚೆ ಎಂದರೆ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ದಿನ. ಮಧ್ಯಾಹ್ನದ ಮಾತ್ರೆಯ ಗತಿ ಏನು? ಅವಳು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬಹುದಿತ್ತು. ಆದರೆ ದೊಡ್ಡವರ ಮಾತಿನಲ್ಲಿ ಇನ್ನೊಂದು ಮುಳ್ಳು ಚುಚ್ಚಿಕೊಂಡಿತ್ತು. ತಾನು ತೂಕಡಿಸುವುದು ನಿಜ. ಮೆಟ್ಟಿಲ ಮೇಲೆ ತೂಕಡಿಸುತ್ತಾಳೆ, ಹಲ್ಲುಜ್ಜುತ್ತಾ ತೂಕಡಿಸುತ್ತಾಳೆ. ಹಾಗಿದ್ದ ಮೇಲೆ ಡಬ್ಬಿಯ ಮುಂದೆ ಕಣ್ಣು ಮುಚ್ಚಿರಲಿಲ್ಲ ಎಂದು ಯಾವ ಧೈರ್ಯದಲ್ಲಿ ಹೇಳುವುದು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ದಾರಿಯುದ್ದಕ್ಕೂ ತನ್ನ ಆ ಮಧ್ಯಾಹ್ನವನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಸುರಿದದ್ದು ನೆನಪಿತ್ತು. ಮುಚ್ಚಳ ಹಾಕಿದ್ದು ನೆನಪಿತ್ತು. ಆದರೆ ಅದು ಆ ದಿನದ ನೆನಪೋ, ಅದರ ಹಿಂದಿನ ದಿನದ್ದೋ? ದಣಿದವರಿಗೆ ದಿನಗಳೆಲ್ಲ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ.

ಆ ಸಂಜೆ ಮೆಟ್ಟಿಲ ತಿರುವಿನಲ್ಲಿ ಅವಳಿಗೆ ನಿದ್ದೆ ಬರಲಿಲ್ಲ. ಕೆಳಮನೆಯ ತಾಯಿ ಚಹಾ ತಂದು ಕೊಟ್ಟು, ತಾನೂ ಒಂದು ಮೆಟ್ಟಿಲು ಕೆಳಗೆ ಕೂತಳು. ಮಗಳು ಇಬ್ಬರ ನಡುವೆ ನುಸುಳಿಕೊಂಡಳು.

"ಅಂದ್ರೆ ಅಣು ಹೊರಳಿದ್ದಕ್ಕೆ ನಿಮಗೆ ಶಿಕ್ಷೆನಾ ಅತ್ತೆ?" ಎಂದಳು ತಾಯಿ ಎಲ್ಲ ಕೇಳಿಸಿಕೊಂಡು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋ ಹಾಗಾಯ್ತಲ್ಲ."

"ಎಮ್ಮೆ ನಿದ್ದೆ ಮಾಡಿದ್ರೆ?"

"ಮಾಡಿದ್ರಾ?"

"ಅದೇ ಗೊತ್ತಿಲ್ಲ ಕಣಮ್ಮ. ಕೆಲಸ ಹೋಗೋದು ಒಂದು ಕಡೆ ಇರ್ಲಿ. ನನ್ನ ಕೈಯಲ್ಲಿ ಚಳಿ ತಪ್ಪಿತಾ ಇಲ್ವಾ, ಅದೊಂದು ಗೊತ್ತಾಗ್ಬೇಕು."

ಗೊತ್ತು ಮಾಡುವ ದಾರಿ ಹೇಳಿದವಳು ಆ ಪ್ರಯೋಗ ನಡೆಸುತ್ತಿದ್ದ ಸಂಶೋಧಕಿ. ಮೂವತ್ತರ ಆಸುಪಾಸು, ಸದಾ ಮೂಗಿನ ತುದಿಗೆ ಜಾರುವ ಕನ್ನಡಕ. ನೆಲಮಾಳಿಗೆಯಲ್ಲಿ ಎಲ್ಲರೂ ಕನ್ನಡಕದವಳು ಎಂದೇ ಕರೆಯುತ್ತಿದ್ದರು. ಮಾರನೆಯ ದಿನ ಡಬ್ಬಿಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು.

"ಆಂಟಿ, ಚಳಿ ತಪ್ಪಿದ್ರಿಂದಲೇ ತಿರುಗಿತು ಅಂತ ಏನಿಲ್ಲ. ಹೈಡ್ರೋಜನ್ ತುಂಬಾ ಹಗುರ. ಅಷ್ಟು ಹಗುರ ಇರೋ ಪರಮಾಣು ಕೆಲವು ಸಲ ದಿಬ್ಬ ಹತ್ತೋದೇ ಇಲ್ಲ. ಒಳಗಿಂದ್ಲೇ ಆಚೆಗೆ ಹೋಗ್ಬಿಡತ್ತೆ. ಅದಕ್ಕೆ ಕ್ವಾಂಟಮ್ ಸುರಂಗ ಅಂತಾರೆ."

"ಸುರಂಗ ಯಾರು ತೋಡಿದ್ರು?"

"ಯಾರೂ ಇಲ್ಲ. ತೂತೇ ಇಲ್ಲ. ಆದ್ರೂ ಆ ಕಡೆ ಸಿಗತ್ತೆ."

"ಬೀಗ ಹಾಕಿದ ಮನೇಲಿ ಬಿಟ್ಟು ಬಂದ ಬೆಕ್ಕು ಬೀದೀಲಿ ಸಿಕ್ಕ ಹಾಗೆ."

"ಹೂಂ, ಹಾಗೇ. ಆದ್ರೆ ಬೆಕ್ಕು ಹಗುರ ಇರ್ಬೇಕು. ದಪ್ಪ ಬೆಕ್ಕಿಗೆ ಆಗಲ್ಲ, ಇಲ್ಲಾ ತುಂಬಾ ನಿಧಾನ. ಅದನ್ನೇ ನಾವು ನೋಡೋಣ. ಹೈಡ್ರೋಜನ್ನಿಗೆ ಒಬ್ಬ ಅಣ್ಣ ಇದಾನೆ, ಡ್ಯೂಟೀರಿಯಂ ಅಂತ. ಸ್ವಭಾವ ಒಂದೇ, ತೂಕ ಮಾತ್ರ ಎರಡರಷ್ಟು. ಅದೇ ಆಮ್ಲ, ಬಾಲದಲ್ಲಿ ಮಾತ್ರ ಈ ಭಾರದವನು. ಬಿಸಿಯಿಂದ ತಿರುಗೋದಾದ್ರೆ ಅವನೂ ತಿರುಗ್ತಾನೆ. ಸುರಂಗ ಆದ್ರೆ ಕೂತಲ್ಲೇ ಕೂತಿರ್ತಾನೆ."

ಚಳಿಯತ್ತೆಗೆ ಇಷ್ಟು ಸಾಕಾಯಿತು. ಭಾರದವನು ಕೂತಿದ್ದರೆ ಚಳಿ ತಪ್ಪಿಲ್ಲ. ತಿರುಗಿದರೆ ತಪ್ಪಿದೆ. ದೊಡ್ಡವರೂ ಒಪ್ಪಿದರು: "ಇದೊಂದು ನೋಡ್ಬಿಡೋಣ. ಆಮೇಲೆ ಅಂಗಳದ ವಿಷಯ."

ಭಾರದ ಆಮ್ಲ ಪುಟ್ಟ ಗಾಜಿನ ಸೀಸೆಯಲ್ಲಿ ಬಂತು. ಕನ್ನಡಕದವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ ರೀತಿ ನೋಡಿದರೆ ಒಳಗೆ ಜೀವ ಇರುವ ಹಾಗಿತ್ತು. ಇಂಥ ಅತಿಥಿ ಬರುವಾಗ ಮನೆ ಹೇಗಿರಬೇಕು? ಚಳಿಯತ್ತೆ ಹಿಂದಿನ ದಿನವೇ ಗಾಜಿನ ಕೊಳವೆಗಳನ್ನೆಲ್ಲ ಬಿಚ್ಚಿದಳು. ಬ್ರಷ್ಷಿನಲ್ಲಿ ಉಜ್ಜಿದಳು. ಶುದ್ಧೀಕರಿಸಿದ ನೀರಲ್ಲಿ ತೊಳೆದು, ಮತ್ತೆ ತೊಳೆದು, ಒಲೆಯಲ್ಲಿಟ್ಟು ಒಣಗಿಸಿ, ದೀಪಕ್ಕೆ ಹಿಡಿದು ನೋಡಿದಳು. ಒಂದು ಕಲೆ ಇಲ್ಲ. ಯಾರಾದರೂ ಹೇಳಲಿ ಈ ಸಲ, ಕೆಲಸ ಸರಿಯಿಲ್ಲ ಎಂದು.

ಅಣು ಕೂತಿತು, ಬೆಳಕು ಬಿಟ್ಟರು, ಮುಚ್ಚಿದರು. ಮಧ್ಯಾಹ್ನ ಅವಳು ಓಡಿದಳು, ಓಡಿ ಬಂದಳು. ಮರುದಿನ ದೊಡ್ಡವರೇ ಬಂದು ತಾವು ಯಾವಾಗಲೂ ನೋಡುವ ಆ ಒಂದು ಗೆರೆಯನ್ನು ನೋಡಿದರು. ಹಿಂದಿನಷ್ಟೇ ಬೇಗ, ಹಿಂದಿನಷ್ಟೇ ಚೆನ್ನಾಗಿ ಬಾಲಗಳು ತಿರುಗಿದ್ದವು.

"ಸರಿ ಹಾಗಾದ್ರೆ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. "ವಾರದ ಕೊನೆಗೆ ಅಂಗಳಕ್ಕೆ ಹೋಗಿ. ಬೇರೆಯವರನ್ನ ನೋಡ್ತೀನಿ."

ಆ ದಿನ ಮಧ್ಯಾಹ್ನ ಮಾತ್ರೆ ಹಾಕುವಾಗ ಅಕ್ಕ ತಂಗಿಯ ಮುಖ ನೋಡಿದಳು. ಅಕ್ಕನ ಬಲ ಭುಜ ಯಾರನ್ನೋ ತಳ್ಳುವ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು.

"ಏನಾಯ್ತೇ?"

"ನನ್ನ ಕೈಯಲ್ಲೇ ತಪ್ಪಿದ್ದಂತೆ. ನಿದ್ದೆ ಮಾಡಿರ್ತೀನಿ."

"ಯಾರು, ನೀನಾ? ನೀನು ನಿದ್ದೇಲೂ ಹಾಲು ಉಕ್ಕಿದ್ರೆ ಏಳೋಳು." ಭುಜ ಮತ್ತೆ ಎದ್ದಿತು. "ನನ್ನ ಕೈಕಾಲು ನಾನು ಹೇಳಿ ಆಡ್ತಾವಾ? ಇಲ್ವಲ್ಲ. ನೀನೇನಾದ್ರೂ ಕುಣಿಸ್ತಿದೀಯಾ? ಇಲ್ಲ. ಹಾಗೇ ಅದೂ ಆಡಿರತ್ತೆ ಬಿಡು, ಯಾರೂ ಕಾರಣ ಅಲ್ಲ."

"ವಿಜ್ಞಾನ ಹಾಗಲ್ಲ ಅಕ್ಕ."

"ಹಾಗಾದ್ರೆ ನಿನ್ನ ವಿಜ್ಞಾನಕ್ಕೆ ಒಂದಿನ ನನ್ನ ಕೈ ಕೊಡ್ತೀನಿ, ಗಂಜಿ ಕುಡಿದು ತೋರಿಸ್ಲಿ."

ಅವಳಿಗೆ ನಗು ಬರಬೇಕಿತ್ತು. ಬಟ್ಟಲು ತೊಳೆದಿಟ್ಟು, ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು. ಓಡುವ ಅವಸರವೇ ಇರಲಿಲ್ಲ.

ವಾರ ಮುಗಿಯಲು ಬಂದಾಗ ಕನ್ನಡಕದವಳು ಊಟದ ಡಬ್ಬಿಯನ್ನು ಕೈಯಲ್ಲೇ ಹಿಡಿದು ನೆಲಮಾಳಿಗೆಗೆ ಇಳಿದು ಬಂದಳು. ತುತ್ತು ಬಾಯಲ್ಲೇ ಇತ್ತು.

"ಆಂಟಿ, ಕೊಳವೆ ಏನಲ್ಲಿ ತೊಳೆದ್ರಿ?"

ಚಳಿಯತ್ತೆ ಕೈಯಲ್ಲಿದ್ದ ನೈಟ್ರೋಜನ್ನಿನ ಪಾತ್ರೆಯನ್ನು ಕೆಳಗಿಟ್ಟಳು. ಇನ್ನೊಂದು ತಪ್ಪು. "ನೀರಲ್ಲಿ. ಒಳ್ಳೆ ನೀರಲ್ಲೇ. ಚೆನ್ನಾಗಿ ಒಣಗಿಸಿದ್ದೆ."

"ಒಣಗಿಸಿದ್ರೂ ಗಾಜಿನ ಮೈಮೇಲೆ ನೀರಿನ ತೆಳು ಪೊರೆ ಉಳಿಯತ್ತೆ. ಕಣ್ಣಿಗೆ ಕಾಣಲ್ಲ." ಅವಳು ಪರದೆಯ ಮೇಲೆ ಗೆರೆಗಳನ್ನು ಎಳೆದಳು. "ಇಲ್ಲಿ ನೋಡಿ. ಭಾರದ ಬಾಲ ಇದ್ರೆ ಇಲ್ಲೊಂದು ಗೆರೆ ಎದ್ದು ನಿಂತಿರ್ಬೇಕಿತ್ತು. ಬೋಳು. ಹಗುರದ್ದು ಇಲ್ಲಿ, ಕೋಟೆ ಹಾಗೆ ನಿಂತಿದೆ. ನಾವೆಲ್ಲ ಅವಸರದಲ್ಲಿ ಆ ಒಂದೇ ಗೆರೆ ನೋಡಿದ್ವಿ, ಇತ್ತ ತಿರುಗೂ ನೋಡ್ಲಿಲ್ಲ. ಈ ಆಮ್ಲದ ಬಾಲ ನೀರು ಕಂಡ್ರೆ ಸಾಕು, ಕೊಟ್ಟು ತಗೊಳ್ಳೋ ವ್ಯಾಪಾರಕ್ಕೆ ಕೂತ್ಬಿಡತ್ತೆ. ಕೊಳವೆಯೊಳಗೆ ಬರ್ತಾ ಬರ್ತಾ ತನ್ನ ಭಾರದ ಹೈಡ್ರೋಜನ್ ನೀರಿಗೆ ಕೊಟ್ಟು, ನೀರಿನ ಹಗುರದ್ದನ್ನ ತಾನು ತಗೊಂಡಿದೆ. ನಾವು ಕಳಿಸಿದ್ದು ಭಾರದ್ದು. ಕಿಟಕಿ ತಲುಪಿದ್ದು ಹಗುರದ್ದು."

ಚಳಿಯತ್ತೆ ಸ್ಟೂಲಿನ ಮೇಲೆ ಕೂತಳು. "ಅಂದ್ರೆ ನಾನು ತೊಳೆದಷ್ಟೂ ಕೆಟ್ಟಿತು."

"ಒಳ್ಳೆಯದಕ್ಕೇ ತೊಳೆದ್ರಿ. ನೀರು ತಾಗಿಸ್ಬೇಡಿ ಅಂತ ನಾನು ಹೇಳ್ಬೇಕಿತ್ತು. ಹೇಳೋದು ನನ್ನ ಕೆಲಸ, ಮರೆತೆ."

"ಚೊಕ್ಕಟ ಮಾಡಿದ್ದಕ್ಕೂ ಶಿಕ್ಷೆ ಇದೆ ಅಂತ ನಮ್ಮಕ್ಕನಿಗೆ ಹೇಳಿದ್ರೆ ಪಾತ್ರೆ ತೊಳೆಯೋದೇ ಬೇಡ ಅಂತಾಳೆ," ಎಂದಳು ಚಳಿಯತ್ತೆ. ಆಮೇಲೆ ಕೇಳಿದಳು: "ಹಾಗಾದ್ರೆ ಇನ್ನೂ ಗೊತ್ತಾಗಿಲ್ಲ. ಚಳಿ ತಪ್ಪಿತಾ ಇಲ್ವಾ."

"ಇನ್ನೂ ಗೊತ್ತಾಗಿಲ್ಲ."

ಅದು ಸಮಾಧಾನದ ಮಾತಲ್ಲ. ಆದರೂ ಎಷ್ಟೋ ದಿನದ ಮೇಲೆ ಅವಳಿಗೆ ಹಸಿವಾಯಿತು.

ಕನ್ನಡಕದವಳು ದೊಡ್ಡವರ ಕೋಣೆಗೆ ಹೋಗಿ ವಾದ ಮಾಡಿ, ಸೀಸೆಯಲ್ಲಿ ಉಳಿದಿದ್ದ ಭಾರದ ಆಮ್ಲಕ್ಕೆ ಇನ್ನೊಂದು ಅವಕಾಶ, ಅಲ್ಲಿಯವರೆಗೆ ಚಳಿಯತ್ತೆ ಇಲ್ಲೇ ಇರಲಿ ಎಂದು ಕೇಳಿಕೊಂಡು ಬಂದಳು. ಈ ಸಲ ಕೊಳವೆಗಳಿಗೆ ಭಾರದ ನೀರಿನ, ಅಂದರೆ ಭಾರದ ಹೈಡ್ರೋಜನ್ನಿನಿಂದಾದ ನೀರಿನ, ಆವಿಯನ್ನೇ ಕುಡಿಸಿದರು. ಕುಡಿಸಿ, ಹೀರಿ ತೆಗೆದು, ಮತ್ತೆ ಕುಡಿಸಿ, ಗಾಜಿನ ಮೈಯ ಹಗುರ ನೀರಿನ ಜಾಗದಲ್ಲೆಲ್ಲ ಭಾರದ್ದು ಬಂದು ಕೂರುವವರೆಗೆ. ಕುಡಿಸುವಾಗ ಕನ್ನಡಕದವಳು ಮಾತಿಗೆ ಮಾತು ಬಂದು ಇನ್ನೊಂದು ವಿಷಯ ಹೇಳಿದಳು. ಈ ಭಾರದ ಹೈಡ್ರೋಜನ್ನನ್ನು ಔಷಧದಲ್ಲೂ ಹಾಕುತ್ತಾರಂತೆ. ದೇಹ ಔಷಧದ ಅಣುವಿನಿಂದ ಹೈಡ್ರೋಜನ್ ಕಿತ್ತು ಕಿತ್ತು ಅದನ್ನು ಮುಗಿಸುತ್ತದೆ. ಕೀಳುವ ಜಾಗದಲ್ಲಿ ಭಾರದವನು ಕೂತಿದ್ದರೆ ಕೀಳುವುದು ನಿಧಾನ, ಔಷಧದ ಬಲ ಹೆಚ್ಚು ಹೊತ್ತು.

"ಅದೆಲ್ಲಾ ಸುರಂಗದ್ದೇ ಅಂತಲ್ಲ ಆಂಟಿ. ಭಾರದವನ ಹಿಡಿತವೇ ಗಟ್ಟಿ, ಅದೂ ಒಂದು ಕಾರಣ. ಆದ್ರೆ ಎಲ್ಲಿ ಹಗುರದ್ದು ನುಸುಳತ್ತೆ, ಎಲ್ಲಿ ಭಾರದ್ದು ನಿಲ್ಲತ್ತೆ ಅಂತ ಸರಿಯಾಗಿ ಗೊತ್ತಾದ್ರೆ, ಮುಂದೆ ಯಾವ ರಾಸಾಯನಿಕ ಕ್ರಿಯೆ ನಡೀಬೇಕು, ಯಾವುದು ನಿಲ್ಬೇಕು ಅಂತ ನಾವೇ ಆರಿಸ್ಬಹುದು. ಬೇಡದ ಕಸ ಆಗದ ಹಾಗೆ ಬೇಕಾದ್ದನ್ನೇ ಮಾಡ್ಬಹುದು. ಕೈಕಾಲು ತಾವಾಗೇ ಆಡೋ ಕಾಯಿಲೆಗೆ ಅಂಥ ಭಾರದ ಮಾತ್ರೆ ಈಗ್ಲೇ ಇದೆ. ದಿನಕ್ಕೆ ಎರಡೇ ಹೊತ್ತು."

ಚಳಿಯತ್ತೆಯ ಕೈ ನಿಂತಿತು. "ಎರಡೇ? ಬೆಳಿಗ್ಗೆ, ರಾತ್ರಿ?"

"ಹೂಂ."

ಮಧ್ಯಾಹ್ನ ಇಲ್ಲ. ಸಂಜೆ ಅಕ್ಕನ ವೈದ್ಯರಿಗೆ ಫೋನ್ ಮಾಡಿದಳು. ಇಲ್ಲಿನ್ನೂ ಸಿಗುತ್ತಿಲ್ಲ, ಬಂದ ಮೇಲೆ ನೋಡೋಣ, ಎಲ್ಲರಿಗೂ ಒಗ್ಗುತ್ತದೆಂದೂ ಇಲ್ಲ ಎಂದರು ಅವರು. ಅಕ್ಕನಿಗೆ ಇದನ್ನು ಹೇಳಿದಾಗ ಅವಳು, "ಭಾರದ ಮಾತ್ರೆನಾ? ಒಳ್ಳೇದೇ. ಹಾರಿಸಿದ್ರೂ ದೂರ ಹೋಗಲ್ಲ," ಎಂದಳು.

ಈ ಸಲದ ಪ್ರಯೋಗ ನಡೆದಷ್ಟು ದಿನವೂ ಚಳಿಯತ್ತೆ ಮಧ್ಯಾಹ್ನ ಮನೆಗೆ ಹೋಗಲಿಲ್ಲ. ನಾನು ಕೂತಿರುತ್ತೇನೆ, ನೀವು ಹೋಗಿ ಬನ್ನಿ ಎಂದು ಕನ್ನಡಕದವಳು ಹೇಳಿದಳು. ಚಳಿಯತ್ತೆ ಕೇಳಲಿಲ್ಲ.

"ಬೇಡಮ್ಮ. ಈ ಸಲ ಚಳಿ ತಪ್ಪೋದಿದ್ರೆ ನನ್ನ ಕಣ್ಣೆದುರಿಗೇ ತಪ್ಪಲಿ."

ಅಕ್ಕನೂ ಹಾಗೇ ಹೇಳಿ ಕಳಿಸಿದ್ದಳು: "ಹೋಗು ಹೋಗು. ಮಾತ್ರೆ ಮೇಜಿನ ಮೇಲಿಟ್ಟು ಹೋಗು. ನನಗೇನು ಬಾಯಿಲ್ವಾ?" ಸಂಜೆ ಬಂದು ಕೇಳಿದರೆ "ನುಂಗಿದೆ, ನುಂಗಿದೆ" ಎನ್ನುವಳು. ಮೇಜಿನ ಮೇಲೆ ಮಾತ್ರೆ ಇರುತ್ತಿರಲಿಲ್ಲ. ಅವಳ ಭುಜ ಮಾತ್ರ ಸಂಜೆಯಾದರೂ ತಗ್ಗುತ್ತಿರಲಿಲ್ಲ. ಚಳಿಯತ್ತೆ ಅದನ್ನು ಕಂಡಳು. ಕಂಡರೂ, ಆಮೇಲೆ ನೋಡೋಣ ಎಂದು ಕಣ್ಣು ಮುಚ್ಚಿದಳು.

ನೆಲಮಾಳಿಗೆಯಲ್ಲಿ ಭಾರದವನು ಕೂತಲ್ಲೇ ಕೂತಿದ್ದ. ಒಂದು ದಿನ ಕಳೆಯಿತು, ಇನ್ನೊಂದು ಕಳೆಯಿತು. ಗೆರೆ ಕದಲಲಿಲ್ಲ. ದೊಡ್ಡವರು ಬಂದರು, ಈ ಸಲ ಎಲ್ಲ ಗೆರೆಗಳನ್ನೂ ನೋಡಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಈಗ ಹಗುರದ್ದನ್ನ ಕೂರಿಸಿ. ಅದೇ ಕಿಟಕಿ, ಅದೇ ಚಳಿ. ಇವರೇ ಇರ್ಲಿ," ಎಂದರು. ಹಗುರದ್ದನ್ನು ಕೂರಿಸಿದರು. ಚಳಿಯತ್ತೆ ನೋಡುತ್ತಿದ್ದಂತೆಯೇ, ನೈಟ್ರೋಜನ್ ಬಾಯಿಮಟ್ಟ ತುಂಬಿರುವಾಗಲೇ, ಪಂಪು ಒಂದೇ ರಾಗದಲ್ಲಿ ಹಾಡುತ್ತಿರುವಾಗಲೇ, ಕತ್ತಲಲ್ಲಿ ಕೂತ ಅಣುಗಳ ಬಾಲ ಮೆಲ್ಲಗೆ ತಿರುಗಿ ಹೋಯಿತು. ಯಾರೂ ತಳ್ಳಲಿಲ್ಲ. ಯಾರೂ ನಿದ್ದೆ ಮಾಡಿರಲಿಲ್ಲ.

"ನಾನು ಹಾಕಿದ ಲೆಕ್ಕದಲ್ಲಿ ದಿಬ್ಬ ಇಷ್ಟು ತೆಳು ಇರ್ಲಿಲ್ಲ," ಎಂದರು ದೊಡ್ಡವರು, ಪರದೆಗೆ ಹೇಳುವ ಹಾಗೆ. ಆಮೇಲೆ ಇತ್ತ ತಿರುಗಿ: "ನೋಡೀಮ್ಮ, ಡಬ್ಬಿ ಸರಿಯಾಗೇ ಇತ್ತು."

ನೀವು ಸರಿಯಾಗಿದ್ದಿರಿ ಎಂದು ಅವರ ಬಾಯಿಂದ ಬರಲಿಲ್ಲ. ಚಳಿಯತ್ತೆ ಅದನ್ನು ಗಮನಿಸಿದಳು. ಜಗಳಕ್ಕೆ ಬೇಕಾದ ಕಸುವು ಇರಲಿಲ್ಲ. ತನಗೆ ಗೊತ್ತಾಗಬೇಕಿತ್ತು, ಗೊತ್ತಾಯಿತು. ಅಂಗಳದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಸಂತೋಷ ಬರುತ್ತದೆಂದು ಕಾದಳು. ಬಂದದ್ದು ನಿದ್ದೆ.

ಮನೆಗೆ ಬಂದು ಕಸ ಗುಡಿಸುವಾಗ ಬೀರುವಿನ ಕೆಳಗಿಂದ ಪೊರಕೆಗೆ ಸಿಕ್ಕಿ ಮಾತ್ರೆಗಳು ಉರುಳಿ ಬಂದವು. ಧೂಳು ಮೆತ್ತಿದ್ದವು. ಪ್ರಯೋಗ ನಡೆದ ಅಷ್ಟೂ ಮಧ್ಯಾಹ್ನಗಳ ಮಾತ್ರೆಗಳು. ಅವಳು ಪೊರಕೆ ಬಿಟ್ಟು ಅಕ್ಕನ ತೋಳು ಸರಿಸಿ ನೋಡಿದಳು. ಮೊಣಕೈ ಬಾಗಿಲಿಗೋ ಗೋಡೆಗೋ ಬಡಿದು ಬಡಿದು ನೀಲಿಗಟ್ಟಿತ್ತು.

"ನುಂಗಿದೆ ಅಂದ್ಯಲ್ಲೇ!"

"ನುಂಗೋಕೇ ಹೋಗಿದ್ದು. ಅದು ಬೇರೆ ಕಡೆ ಹೋಯ್ತು."

"ಫೋನ್ ಮಾಡೋಕೆ ಏನಾಗಿತ್ತು ನಿನಗೆ?"

"ಮಾಡಿದ್ರೆ ನೀನು ಬರ್ತಿದ್ದೆ. ನೀನು ಬಂದ್ರೆ ನಿನ್ನ ಡಬ್ಬಿ ಬೆಚ್ಚಗಾಗ್ತಿತ್ತು." ಅಕ್ಕ ಮುಖ ಆಚೆ ತಿರುಗಿಸಿದಳು. ದವಡೆ ಆಡುತ್ತಿತ್ತು. "ಒಂದು ಸಲ ನಿನ್ನದೂ ಸರಿ ಅಂತ ಆಗ್ಲಿ ಅನ್ನಿಸ್ತು. ಅದಕ್ಕೇನೀಗ?"

ಚಳಿಯತ್ತೆ ಪೊರಕೆಯನ್ನು ಮೂಲೆಗೆ ಒರಗಿಸಿದಳು. ಎಣ್ಣೆ ತಂದು ಆ ಮೊಣಕೈಗೆ ಹಚ್ಚಿದಳು. ಅವಳ ಕೈ ತಣ್ಣಗಿತ್ತು. "ಹಾ, ಇದಕ್ಕಾದ್ರೂ ಬಂತು ನಿನ್ನ ಫ್ರಿಜ್ಜಿನ ಕೈ," ಎಂದು ಅಕ್ಕ ಕಣ್ಣು ಮುಚ್ಚಿದಳು.

ಎರಡು ದಿನ ಬಿಟ್ಟು ದೊಡ್ಡವರು ಹೊಸ ಯೋಜನೆ ಹೇಳಿದರು. ಭಾರದವನು ನಿಜವಾಗಿಯೂ ಕೂತಿದ್ದಾನೋ, ಅಥವಾ ತೀರಾ ನಿಧಾನವಾಗಿ ಅವನೂ ನುಸುಳುತ್ತಾನೋ ನೋಡಬೇಕು. ವಾರಗಟ್ಟಲೆ ಚಳಿ ಒಂದಿಷ್ಟೂ ಅಲುಗಬಾರದು. ಇದಕ್ಕೆ ಚಳಿಯತ್ತೆಯೇ ಬೇಕು. ಬೇರೆಯವರ ಕೈಗೆ ಕೊಡುವುದಿಲ್ಲ. ಆದರೆ ಮಧ್ಯಾಹ್ನ ಹೊರಗೆ ಹೋಗುವುದು ಮಾತ್ರ ಬೇಡ. ಹಿಂದೆ ನಂಬದೆ ದೂರ ಕಳಿಸಲು ಹೊರಟವರು ಈಗ ನಂಬಿ ಕಟ್ಟಿಹಾಕಿದರು. ಅವಳ ಪಾಲಿಗೆ ಎರಡೂ ಒಂದೇ ಕಡೆಗೆ, ಅಕ್ಕನ ಮಧ್ಯಾಹ್ನದ ಮಾತ್ರೆಯ ಬಳಿಗೆ, ಬಂದು ನಿಂತಿದ್ದವು. ನಾಳೆ ಹೇಳ್ತೀನಿ ಸಾರ್ ಎಂದು ಬಂದಳು.

ಆ ಸಂಜೆ ಅವಳು ತಿರುವಿನಲ್ಲಿ ಕೂರಲಿಲ್ಲ. ನೇರವಾಗಿ ಬಂದು ಕೆಳಮನೆಯ ಬಾಗಿಲು ತಟ್ಟಿದಳು. ಮಗು ಬಾಗಿಲು ತೆರೆದು, "ಇವತ್ತು ನಿದ್ದೆ ಇಲ್ವಾ?" ಎಂದು ಕೇಳಿತು. ತಾಯಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಒಳಗೆ ಕರೆದಳು. ಕುರ್ಚಿಯ ಮೇಲಿನ ಬಟ್ಟೆ ಸರಿಸಿ ಕೂರಿಸಿದಳು. ಚಳಿಯತ್ತೆ ಚೀಲದ ಹಿಡಿಯನ್ನು ತಿರುಚತೊಡಗಿದಳು.

"ಏನತ್ತೆ, ಮತ್ತೆ ಅಂಗಳಕ್ಕೆ ಹೋಗಿ ಅಂದ್ರಾ?"

"ಇಲ್ಲಮ್ಮ. ಇಲ್ಲೇ ಇರು ಅಂತಾರೆ, ಅದೇ ಈಗ ಕಷ್ಟ." ಒಂದೇ ಉಸಿರಿಗೆ ಎಲ್ಲ ಹೇಳಿದಳು: ಭಾರದವನು, ವಾರಗಟ್ಟಲೆ ಕಾಯುವುದು, ಬೀರುವಿನ ಕೆಳಗಿನ ಮಾತ್ರೆಗಳು, ನೀಲಿ ಮೊಣಕೈ. ಹೇಳಿ ಮುಗಿಸಿ, ಇಲ್ಲ ಎನ್ನಲು ದಾರಿ ಬಿಟ್ಟುಕೊಡುವ ಹಾಗೆ ಸ್ವಲ್ಪ ಕಾದಳು. ತಾಯಿ ಇನ್ನೂ ಹತ್ತಿರ ಸರಿದದ್ದನ್ನು ಕಂಡು, ದನಿ ತಗ್ಗಿಸಿದಳು.

"ನಾನು ಯಾರನ್ನೂ ಏನೂ ಕೇಳಿದೋಳಲ್ಲ. ನಿನಗೂ ಈ ಪುಟ್ಟಿನ ನೋಡ್ಕೊಳ್ಳೋದ್ರಲ್ಲೇ ಸಾಕಾಗಿರತ್ತೆ, ಗೊತ್ತು. ಆದ್ರೂ ಕೇಳ್ತೀನಿ. ಮಧ್ಯಾಹ್ನ ಒಂದು ಸಲ ಮೇಲೆ ಹೋಗಿ ಅಕ್ಕನಿಗೆ ಮಾತ್ರೆ ಕೊಡ್ತೀಯಾ? ಕೈ ಹಿಡಿದು ನಿಲ್ಲಿಸೋಕೆ ಹೋಗ್ಬೇಡ, ಹಿಡಿದಷ್ಟೂ ಜೋರು ಮಾಡತ್ತೆ. ಮಾತ್ರೆನ ನಿನ್ನ ಅಂಗೈಲೇ ಇಟ್ಕೊಂಡು ಅವಳ ಎದುರಿ­ಗೆ ಹಿಡಿ, ಅವಳ ಬಾಯೇ ಅಲ್ಲಿಗೆ ಬರತ್ತೆ. ಸ್ವಲ್ಪ ತಡ ಆದ್ರೂ ಕಾಯಿ. ಬೈತಾಳೆ. ಮೊದಲ ದಿನ ನಿನ್ನ ಬೈತಾಳೆ, ಎರಡನೇ ದಿನ ನನ್ನ ಬೈತಾಳೆ, ಮೂರನೇ ದಿನದಿಂದ ಕಥೆ ಹೇಳ್ತಾಳೆ. ಮಗೂನೂ ಕರ್ಕೊಂಡು ಹೋಗು, ಮಕ್ಕಳಂದ್ರೆ ಅವಳಿಗೆ ಆಗತ್ತೆ. ನುಂಗಿದಳು ಅಂತ ನೀನು ಕಣ್ಣಾರೆ ನೋಡಿದ ಮೇಲೆ ನನಗೊಂದು ಫೋನ್ ಮಾಡ್ಬಿಡು. ಮಾತಾಡ್ಬೇಕು ಅಂತೇನಿಲ್ಲ, ಎರಡು ಸಲ ರಿಂಗ್ ಕೊಟ್ಟು ಇಟ್ಬಿಟ್ರೂ ಸಾಕು. ಆಗತ್ತೇನಮ್ಮಾ?"